ಹಲಗೆ ಮೇಸ್ತ್ರಿ ಕೊರೆದ ಎರಡನೇ ತೂತು

ಆ ಬೀದಿಯಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹಲಗೆ ಮೇಸ್ತ್ರಿ ಎಲ್ಲಿ ಎಂದರೆ ಸಾಕು, ಟೈರ್ ಅಂಗಡಿಯವನು ಕೂತಲ್ಲಿಂದಲೇ ಗದ್ದ ಎತ್ತಿ ಗ್ಯಾರೇಜು ತೋರಿಸುತ್ತಿದ್ದ. ಬಿಚ್ಚಿ ಜೋಡಿಸಿದ ಇಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಮೇಸ್ತ್ರಿ ಕೀ ಮುಟ್ಟುತ್ತಿರಲಿಲ್ಲ. ಅದನ್ನು ಗಾಡಿಯವರ ಕೈಗೆ ಕೊಟ್ಟು, ತಾನು ಗೋಡೆಯ ಮೊಳೆಯಿಂದ ಒಂದು ಹಲಗೆ ಇಳಿಸಿಕೊಂಡು, ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಗೇಣು ದೂರದಲ್ಲಿ ಹಿಡಿದು ನಿಲ್ಲುತ್ತಿದ್ದ. ಕೂರುವ ಮಣೆಯಷ್ಟಗಲದ ಹಲಗೆ, ಒಂದು ಮುಖಕ್ಕೆ ಹಳೇ ಟ್ಯೂಬಿನ ರಬ್ಬರು ಅಂಟಿಸಿದ್ದು. 'ಏನ್ ಮೇಸ್ತ್ರಿ, ಇಂಜಿನ್ನಿಗೆ ಗಾಳಿ ಬೀಸ್ತಾ ಇದೀರಾ?' ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಹದಿನೇಳು ವರ್ಷ ಹೀಗೇ ನಕ್ಕಿದ್ದ. ನಗುವವರಿಗೇನು, ಕಾರಣ ಗೊತ್ತಿದ್ದರೆ ತಾನೇ?

ಅಪ್ಪ ಬಿಟ್ಟುಹೋದದ್ದು ಒಂದೇ ಶೆಡ್ಡು. ಅದರ ಅರ್ಧದಲ್ಲಿ ಇವನ ಗ್ಯಾರೇಜು, ಇನ್ನರ್ಧದಲ್ಲಿ ಅಕ್ಕನ ಹೊಲಿಗೆ ಮಿಷನ್ನು. ನಡುವೆ ಒಂದು ತಗಡಿನ ಅಡ್ಡಗೋಡೆ. ಈ ಕಡೆ ಗ್ರೀಸು, ಆ ಕಡೆ ಬಿಳಿ ಬಟ್ಟೆ. 'ನಿನ್ನ ಕೈ ಈ ಕಡೆ ಚಾಚಿದ್ರೆ ಕತ್ತರಿಸಿಬಿಡ್ತೀನಿ' ಎಂದು ಅಕ್ಕ ಕತ್ತರಿ ತೋರಿಸಿ ಹೆದರಿಸುತ್ತಿದ್ದಳು. ಗುಂಡಿ ತೂರುವ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಪೇಟೆಯಲ್ಲೇ ಇರಲಿಲ್ಲ.

ಹದಿನೇಳು ವರ್ಷದ ಹಿಂದೆ ಅವನಿಗೆ ಇಪ್ಪತ್ತೈದು. ತನಗೆ ಬಾರದ ವಿದ್ಯೆಯೇ ಇಲ್ಲವೆಂಬ ವಯಸ್ಸು. ಹೊಗೆ ಕಾರುತ್ತಿದ್ದ ಒಂದು ಡೀಸೆಲ್ ಲಾರಿ ಬಂದಿತ್ತು. ಇಂಜಿನ್ ಸವೆದರೆ, ಉರಿದ ಹೊಗೆ ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗೆ ಆಯಿಲ್ಲಿರುವ ಹೊಟ್ಟೆಗೆ ಇಳಿಯುತ್ತದೆ. ಇಂಜಿನ್ನಿನ ತಲೆ ಮುಚ್ಚುವ ವಾಲ್ವ್ ಕವರಿನ ಸಣ್ಣ ಕೊಳವೆಯೊಂದೇ ಅದಕ್ಕೆ ದಾರಿ. ದಾರಿ ಸಾಲದಿದ್ದರೆ ಹೊಟ್ಟೆ ಉಬ್ಬರಿಸಿ, ಸಿಕ್ಕ ಸಂದಿಯಿಂದೆಲ್ಲ ಆಯಿಲ್ಲು ಸೋರುತ್ತದೆ. ಅವನು ಕವರಿಗೆ ದೊಡ್ಡದೊಂದು ತೂತು ಕೊರೆದು, ಅಲ್ಲಿಂದ ಪೈಪು ಎಳೆದು, ಇಂಜಿನ್ ಗಾಳಿ ಎಳೆಯುವ ಕೊಳವೆಗೆ ಸೇರಿಸಿದ. ಹೊಗೆಯನ್ನು ಇಂಜಿನ್ನೇ ಕುಡಿದು ಉರಿಸಿಬಿಡಲಿ ಎಂದು. ಯೋಚನೆ ಸರಿಯಾಗೇ ಇತ್ತು. ಆದರೆ ತೂತು ಕೊರೆದದ್ದು ಆಯಿಲ್ಲು ಚಿಮ್ಮುವ ಜಾಗದ ನೆತ್ತಿಯ ಮೇಲೆ, ಒಳಗೆ ಒಂದು ತಡೆ ತಗಡೂ ಇಲ್ಲದೆ. ಹೊಗೆಯ ಜೊತೆ ಆಯಿಲ್ಲೂ ಹೋಯಿತು. ಡೀಸೆಲ್ ಇಂಜಿನ್ನಿಗೆ ಆಯಿಲ್ಲೂ ಅನ್ನವೇ. ಅದು ಕೂಗತೊಡಗಿತು. ಅವನು ಕೀ ತಿರುಗಿಸಿ ಆಫ್ ಮಾಡಿದ. ನಿಲ್ಲಲಿಲ್ಲ. ಡೀಸೆಲ್ ನಿಂತರೇನು, ತನ್ನ ಆಯಿಲ್ಲನ್ನು ತಾನೇ ಕುಡಿದು ಇನ್ನೂ ಜೋರಾಗಿ ಕೂಗಿತು. ಶೆಡ್ಡಿನ ತಗಡೆಲ್ಲ ನಡುಗಿತು. ಅವನು ಸೀಟಿನಲ್ಲಿ ಕೀ ಹಿಡಿದುಕೊಂಡು ಕಲ್ಲಾಗಿ ಕೂತುಬಿಟ್ಟ.

ಓಡಿ ಬಂದವಳು ಅಕ್ಕ. ಕೈಯಲ್ಲಿದ್ದ ಬಟ್ಟೆಯನ್ನು ಮುದ್ದೆ ಮಾಡಿ ಗಾಳಿ ಕೊಳವೆಯ ಬಾಯಿಗೆ ಒತ್ತಿದಳು. ಉಸಿರು ಕಟ್ಟಿ ಇಂಜಿನ್ ಸತ್ತಿತು. ಆ ಕೊಳವೆಯನ್ನು ಬೆಳಿಗ್ಗೆ ಅವನೇ ಗರಗಸದಲ್ಲಿ ಕೊಯ್ದಿದ್ದ, ಆದರೆ ಅಂಚಿಗೆ ಅರ ಹಾಕಿ ಉಜ್ಜಿರಲಿಲ್ಲ. ಬಟ್ಟೆಯನ್ನೂ ದಾಟಿ ಅದು ಅವಳ ಬಲಗೈ ಕೊಯ್ದಿತ್ತು. ಎರಡು ಬೆರಳಿನ ನರ ಹೋದವು, ಅವಳು ಅಲ್ಲೇ ಎಚ್ಚರ ತಪ್ಪಿ ಬಿದ್ದಳು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳು ಕೇಳಿದ್ದು ಒಂದೇ ಮಾತು: 'ಇಂಜಿನ್ ನಿಂತಿತಾ?' ಅವನು ಉತ್ತರ ಕೊಡದೆ ಹೊರಗೆ ಹೋಗಿಬಿಟ್ಟ. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಹೊಲಿಗೆ ಮಿಷನ್ನು ಮಾರಿ ಅವಳು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುವ ಕೆಲಸಕ್ಕೆ ಸೇರಿದಳು. ಇವನು ಕೊಳವೆಯ ಬಾಯಿ ಮುಚ್ಚಲೆಂದು ಹಲಗೆ ಮಾಡಿಕೊಂಡ. ಯಾರು ಬೇಡಿಕೊಂಡರೂ ವಾಲ್ವ್ ಕವರಿಗೆ ತೂತು ಕೊರೆಯಲಿಲ್ಲ.

ಈಗ ಬಂದವಳು ಅಕ್ಕನ ಮಗಳು. ಸಾಮಾನು ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾಳೆ, ಅಮ್ಮನೂ ತಾನೂ ಉಣ್ಣುವುದು ಅದರಿಂದಲೇ.

'ಮಾವ, ಕ್ಯಾಬಿನ್ ತುಂಬಾ ಹೊಗೆ. ಸಿಗ್ನಲ್ಲಲ್ಲಿ ನಿಂತ್ರೆ ಕಣ್ಣುರಿ. ಮೊನ್ನೆ ತಲೆ ಸುತ್ತಿ ಗಾಡಿ ಪಕ್ಕಕ್ಕೆ ಹಾಕಿಬಿಟ್ಟೆ.'

ಅವನು ಆಯಿಲ್ ಮುಚ್ಚಳ ಸಡಿಲಿಸಿದ. ಮುಚ್ಚಳ ಕುಣಿಯಿತು, ಕೆಳಗಿಂದ ಹೊಗೆ ಉಗುಳಿತು. ಅದೇ ರೋಗ. ಮದ್ದೂ ಅದೇ.

'ಬೇರೆಯವರ ಹತ್ರ ತೋರಿಸಮ್ಮ,' ಎಂದ.

'ತೋರಿಸ್ದೆ. ಇಬ್ರೂ ಇಂಜಿನ್ನೇ ಬದಲಾಯಿಸು ಅಂತಾರೆ. ಅದು ನಮ್ಮ ಕೈಲಾಗೋ ಮಾತಾ?'

'ನನ್ನ ಕೈಲಿ ಆಗಲ್ಲ,' ಎಂದು ಅವನು ಮುಖ ತಿರುಗಿಸಿದ.

ಮರುದಿನ ಬೆಳಿಗ್ಗೆ ಗಾಡಿ ಮತ್ತೆ ಬಂತು. ಪಕ್ಕದ ಸೀಟಿನಿಂದ ಅಕ್ಕ ಇಳಿದಳು. ಹದಿನೇಳು ವರ್ಷದಲ್ಲಿ ಅವಳು ಆ ಶೆಡ್ಡಿನ ಹೊಸ್ತಿಲು ತುಳಿದಿರಲಿಲ್ಲ.

'ನೀನೇ ಮಾಡು,' ಎಂದಳು. 'ಎಲ್ಲಿ ತಪ್ಪಿತ್ತು ಅಂತ ನಿನಗಿಂತ ಚೆನ್ನಾಗಿ ಗೊತ್ತಿರೋನು ಯಾರಿದ್ದಾನೆ?'

ಅವನು ಮಾಡಿದ. ಎರಡು ದಿನ ಬೇರೆ ಗಾಡಿ ಮುಟ್ಟಲಿಲ್ಲ. ಕವರು ಬಿಚ್ಚಿ, ಆಯಿಲ್ಲು ಚಿಮ್ಮದ ಹಿಂದಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿದ. ಡ್ರಿಲ್ ಹಿಡಿದ. ಕೆಳಗಿಟ್ಟು, ನೀರು ಕುಡಿದು ಬಂದು, ಹಲ್ಲು ಕಚ್ಚಿ ಕೊರೆದ. ತೂತಿನ ಕೆಳಗೆ ಎರಡು ತಡೆ ತಗಡು ಓರೆಯಾಗಿ ಕೂರಿಸಿದ, ಹೊಗೆ ಸುತ್ತಿ ಬರಬೇಕು, ಆಯಿಲ್ಲು ತೊಟ್ಟಿಕ್ಕಿ ವಾಪಸ್ಸು ಬೀಳಬೇಕು ಹಾಗೆ. ಅದನ್ನೂ ನಂಬದೆ, ಪೈಪಿನ ನಡುವೆ ಒಂದು ಡಬ್ಬಿ ಇಟ್ಟು ಅದರೊಳಗೆ ಪಾತ್ರೆ ಉಜ್ಜುವ ತಂತಿನಾರು ತುಂಬಿದ. ಕೊರೆದ ಚೂರು ಒಂದೂ ಉಳಿಯದಂತೆ ಕವರನ್ನು ಮೂರು ಸಲ ಡೀಸೆಲ್ಲಿನಲ್ಲಿ ತೊಳೆದ. ಕೊಯ್ದ ಅಂಚಿಗೆಲ್ಲ ಅರ ಹಾಕಿ, ಕೊನೆಗೆ ತನ್ನ ಹೆಬ್ಬೆರಳನ್ನೇ ಒತ್ತಿ ಸವರಿ ನೋಡಿದ.

ಮೂರನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಅವನು ಅಭ್ಯಾಸದಂತೆ ಕೀಯನ್ನು ಅಕ್ಕನ ಮಗಳಿಗೆ ಕೊಟ್ಟು ಹಲಗೆ ಎತ್ತಿಕೊಂಡ. ಅಕ್ಕ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮಡಚದ ಎರಡು ಬೆರಳು ಹಲಗೆಯ ಆಚೆಗೆ ನೆಟ್ಟಗೆ ಚಾಚಿಕೊಂಡವು.

'ಇದನ್ನ ನಾನು ಹಿಡೀತೀನಿ. ನೀನು ಹೋಗಿ ಕೀ ತಿರುಗಿಸು.'

'ಅಕ್ಕಾ, ಬೇಡ.'

'ಹೋಗೋ.'

ಅವನು ಸೀಟಿಗೆ ಹತ್ತಿದ. ಕೀ ತಿರುಗಿಸಿದ. ಇಂಜಿನ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು, ಆಮೇಲೆ ಒಂದೇ ಸಮನೆ ಓಡಿತು. ಅಕ್ಕನ ಮಗಳು ಅವನು ಮೊದಲೇ ಹೇಳಿಕೊಟ್ಟಿದ್ದಂತೆ ಆಯಿಲ್ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಒಂದು ಕಾಗದದ ಚೂರು ಇಟ್ಟಳು. ಕಾಗದ ಹಾರಲಿಲ್ಲ. ಒಳಗಿನಿಂದ ಮೆಲ್ಲಗೆ ಸೆಳೆದಂತಾಗಿ ಅಲ್ಲೇ ಅಂಟಿ ಕೂತಿತು.

'ಹೊಗೆನೇ ಇಲ್ಲ ಮಾವ,' ಎಂದಳು ಅವಳು.

ಅವನು ಅತ್ತ ನೋಡಲಿಲ್ಲ. ಅಕ್ಕನ ಕೈಯನ್ನೇ ನೋಡುತ್ತಿದ್ದ.

'ನನಗೆ ನಿನ್ನ ಮೇಲೆ ಸಿಟ್ಟಿತ್ತು ಕಣೋ,' ಎಂದಳು ಅಕ್ಕ, ಇಂಜಿನ್ ಸದ್ದಿಗೆ ದನಿ ಏರಿಸಿ. 'ಎರಡು ವರ್ಷ ಇತ್ತು. ಆಮೇಲೆ ಹೋಯ್ತು. ಹೇಳೋಣ ಅಂತ ಬರ್ತಾ ಇದ್ದೆ. ಆ ಬೀದಿ ತಿರುವಲ್ಲೇ ನಿಂತು ನೋಡಿದ್ರೆ ನೀನು ಈ ಹಲಗೆ ಹಿಡ್ಕೊಂಡು ನಿಂತಿರ್ತಿದ್ದೆ. ಈ ಕೈಯಲ್ಲೇ ಬದುಕೋದು ನನಗೆ ರೂಢಿಯಾಗಿತ್ತು. ಇದನ್ನ ನೋಡಿದಾಗಲೇ ಮತ್ತೆ ನೋಯೋದು. ಹಾಗೇ ವಾಪಸ್ಸು ಹೋಗ್ತಿದ್ದೆ.'

ಹದಿನೇಳು ವರ್ಷ ಪ್ರಾಯಶ್ಚಿತ್ತ ಎಂದುಕೊಂಡು ಎತ್ತಿ ಹಿಡಿದದ್ದು ಅಕ್ಕನನ್ನು ಬಾಗಿಲಿಂದಾಚೆಗೇ ತಡೆದಿತ್ತು ಎಂದು ಮೇಸ್ತ್ರಿಗೆ ತಿಳಿದದ್ದು ಆಗಲೇ. ಅವನಿಗೆ ತನ್ನ ಮೇಲೆ ಮರುಕವೂ ಬಂತು, ನಾಚಿಕೆಯೂ ಆಯಿತು.

ಅಕ್ಕ ಹಲಗೆಯನ್ನು ನೆಲಕ್ಕೆ ಹಾಕಿ, ರಬ್ಬರಿನ ಮುಖ ಮೇಲೆ ಮಾಡಿ, ಇಂಜಿನ್ನಿಗೆ ಬೆನ್ನು ಕೊಟ್ಟು ಅದರ ಮೇಲೆ ಕೂತಳು.

'ಈಗ ಆಫ್ ಮಾಡು,' ಎಂದಳು.

ಅವನ ಬೆರಳು ಕೀಯ ಮೇಲೆ ಬಹಳ ಹೊತ್ತು ನಿಂತಿತು. ಅಕ್ಕ ತಿರುಗಿ ನೋಡಲಿಲ್ಲ. ಅವನು ಕಣ್ಣು ಮುಚ್ಚಿ ತಿರುಗಿಸಿದ. ಶೆಡ್ಡಿನಲ್ಲಿ ಸದ್ದಡಗಿತು. ಆಚೆ ಟೈರ್ ಅಂಗಡಿಯಲ್ಲಿ ಯಾರೋ ಮಾತಾಡುವುದು ಕೇಳಿಸಿತು.

'ಇಂಜಿನ್ ನಿಂತಿತಾ?' ಎಂದಳು ಅಕ್ಕ.

'ನಿಂತಿತು ಅಕ್ಕಾ,' ಎಂದ ಅವನು.