ಗೂಟಕ್ಕೆ ಹಾಕಿದ ಕಣ್ಣು

ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಅಪ್ಪ ಉದಗೀರಿನ ಪ್ಯಾಟಿಯಲ್ಲಿ ಒಂದು ಅರಿವಿ ಅಂಗಡಿಯ ಬಾಗಿಲು ಕಾಯುತ್ತಿದ್ದ. ಬಟ್ಟೆ ಸಿಗುವುದೇ ಕಷ್ಟವಾಗಿದ್ದ ಕಾಲ. ಸಂತೆಯ ದಿನದ ಗದ್ದಲದಲ್ಲಿ ಒಂದು ಕುಬಸದ ಖಣ ಯಾರದಾದರೂ ಕಂಕುಳಿಗೆ ಹೋದರೆ ಅಪ್ಪನಿಗೆ ಮಾತ್ರ ಗೊತ್ತಾಗುತ್ತಿತ್ತು. ಮುಖ ಸುಳ್ಳು ಹೇಳತದ, ಮೊಣಕೈ ಹೇಳೂದಿಲ್ಲ ಅನ್ನುತ್ತಿದ್ದ. ಮುಚ್ಚಿಟ್ಟುಕೊಂಡವರ ಮೊಣಕೈ ಪಕ್ಕೆಗೆ ಅಂಟಿಕೊಂಡಿರುತ್ತದೆಯಂತೆ. ಅಂಥವರು ಹೊಸ್ತಿಲು ದಾಟುವ ಮೊದಲೇ, ಒಳಗಿಂದ ಏನೋ ಮರತು ತಂದೀರಿ ಅಕ್ಕಾ, ಹೋಗಿ ಇಟ್ಟು ಬರ್ರಿ ಎಂದು ಮೆಲ್ಲಗೆ ಹೇಳಿ ಮಾನ ಉಳಿಸುತ್ತಿದ್ದ.

ಮದುವೆಯಾದ ಹೊಸದರಲ್ಲಿ ಈ ಕಣ್ಣು ಅವ್ವನ ಮೇಲೂ ಬಿತ್ತಂತೆ. ಹೊರಗೆ ಬಂದು ನಿಂತಿದ್ದ ತಂಗಿ, ನಿಲಂಗಾದ ಚಿಕ್ಕವ್ವನಿಗೆ ಕೊಡಲೆಂದು ಸೆರಗಿನಲ್ಲಿ ಜೋಳ ಮುಚ್ಚಿಕೊಂಡು ಹೊರಟವಳನ್ನು ಬಾಗಿಲಲ್ಲೇ ನಿಲ್ಲಿಸಿ ಏನದು ಎಂದು ಕೇಳಿದ್ದ. ತಂಗಿಯ ಎದುರಿಗೇ ಕಳ್ಳಿಯಾದೆ ಎಂದು ಅವ್ವ ಉಣ್ಣದೆ ಮಲಗಿದಳು. ಅವತ್ತಿನಿಂದ ಅಪ್ಪ ಮನೆಗೆ ಬಂದೊಡನೆ ರುಮಾಲು ಗೂಟಕ್ಕೆ ಹಾಕಿ, ಕಣ್ಣೂ ಅಲ್ಲೇ ಹಾಕೀನಿ ನೋಡು ಎಂದು ಅವಳನ್ನು ನಗಿಸುತ್ತಿದ್ದ.

ಉಮರ್ಗಾದಲ್ಲಿ ನನ್ನ ಮದುವೆ ಗೊತ್ತಾದ ಹೊತ್ತಿಗೆ ಅವ್ವನ ಎಡಗೈ ಪಕ್ಕೆ ಬಿಟ್ಟು ಏಳದಾಯಿತು. ಸೆರಗು ಬಿಗಿಯಾಗಿ ಹೊದೆಯುವಳು. ಹಲಗೆಯ ಮೇಲಿನ ಡಬ್ಬಿ ಇಳಿಸಲು ನನ್ನನ್ನು ಕರೆಯುವಳು. ದಣಿದಿದ್ದಾಳೇನೋ ಎಂದು ನಾನು ಇಳಿಸಿಕೊಡುತ್ತಿದ್ದೆ.

ಮದುವೆಯ ಕೆಲಸಕ್ಕೆಂದು ಬಂದ ಚಿಕ್ಕವ್ವ ಅವ್ವನಿಗೆ ತಲೆಗೆ ಎರೆಯುವಾಗ ಎದೆಯ ಗಂಟು ಕಂಡಳು. ದವಾಖಾನೆಯಲ್ಲಿ ಬಹಳ ತಡ ಮಾಡಿದಿರಿ ಅಂದರು.

ಅವ್ವನನ್ನು ಮನೆಗೆ ತಂದು ಮಲಗಿಸಿದ ದಿನ ಚಿಕ್ಕವ್ವ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಊರ ಮಂದಿ ಕಂಕುಳ ನೋಡುವ ಮನುಷ್ಯ ನೀವು, ಹೆಂಡತಿದು ಕಾಣಲಿಲ್ಲೇನು ಅಂದಳು.

"ಕಂಡಿತ್ತು ತಂಗಿ," ಅಂದ ಅಪ್ಪ. "ನಿನಗ ಕೊಡ್ಲಾಕ ಏನೋ ಮುಚ್ಚಿಟ್ಟಾಳ ಅಂದ್ಕೊಂಡೆ. ಒಯ್ಯಲಿ ಬಿಡು ಅಂತ ಮಾರಿ ತಿರುಗಿಸಿದೆ."

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅವ್ವ ಹೊರಳಲಿಲ್ಲ. "ನಾಚಿಕಿ ಬರ್ತಿತ್ತು. ಕೇಳಿದ್ರ ಹೇಳತಿದ್ದೆ ರೀ," ಅಂದಳು.

ಜೋಳದ ಸುಗ್ಗಿಗೆ ಅವಳು ಇರಲಿಲ್ಲ.

ಆಮೇಲೆ ಆ ಗೂಟಕ್ಕೆ ರುಮಾಲು ಬೀಳಲಿಲ್ಲ. ನಾನು ಉಮರ್ಗಾದಿಂದ ತವರಿಗೆ ಬಂದಾಗಲೆಲ್ಲ, ನೀರು ಕುಡಿದು ಕೂಡುವ ಮೊದಲೇ ಅಪ್ಪ ಹಲಗೆಯ ಡಬ್ಬಿ ಇಳಿಸಿಕೊಡು ಅನ್ನುವನು. ನಾನು ಎರಡೂ ಕೈ ಎತ್ತಿ ಇಳಿಸುತ್ತಿದ್ದೆ. ಅಂವಾ ನನ್ನ ಮೊಣಕೈ ನೋಡುತ್ತಿದ್ದ. ಡಬ್ಬಿ ಖಾಲಿ ಇರುತ್ತಿತ್ತು. ಮತ್ತೆ ಎರಡೂ ಕೈಯಿಂದ ಮೇಲಿಡುತ್ತಿದ್ದೆ.