ಎಂಟನೆಯ ಲಾಳ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಅಷ್ಟು ವರ್ಷದಲ್ಲಿ ಮಕ್ಕಳಿಗೆ ಒಂದೇ ಒಂದು ಸುಳ್ಳೂ ಹೇಳಿದವನಲ್ಲ ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದೆ. ನಿವೃತ್ತಿಯಾದ ಮೇಲೆ ಹೇಳಿದೆ. ಹೇಳಿದ್ದು ಒಂದೇ ಆದರೂ ಅದು ನಲವತ್ತು ಅಡಿ ಉದ್ದವಿತ್ತು, ಏಕೆಂದರೆ ಅದನ್ನು ಗೋಡೆಯ ಮೇಲೆ ಬರೆಯತೊಡಗಿದ್ದರು.

ಶಿಕಾರಿಪುರದ ನಮ್ಮ ಓಣಿಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿದೆ. ಅದರ ಬೀದಿ ಬದಿಯ ಗೋಡೆ ಇಷ್ಟು ಕಾಲ ಚುನಾವಣೆ, ಸಿಮೆಂಟು ಮತ್ತು ಮೂಲವ್ಯಾಧಿ ಚಿಕಿತ್ಸೆಯನ್ನು ಸಾರುತ್ತ ನಿಂತಿತ್ತು. ಕಳೆದ ವರ್ಷ ಕಾಲೇಜಿನ ಹನ್ನೆರಡು ವಿದ್ಯಾರ್ಥಿಗಳು ಚಿತ್ರ ಬರೆಯಲು ಆ ಗೋಡೆಯನ್ನು ಕೇಳಿ ಪಡೆದರು. ಅವರ ಡ್ರಾಯಿಂಗ್ ಮೇಡಂ ಹಾಕಿದ ಷರತ್ತು ಒಂದೇ: ಹಂಸ, ಸೂರ್ಯೋದಯ, ತಾಜಮಹಲು ಬೇಡ, ಈ ಓಣಿಯಲ್ಲಿ ನಡೆದದ್ದನ್ನು ಓಣಿಯವರಿಂದಲೇ ಕೇಳಿ ಬರೆಯಬೇಕು. ಓಣಿಯವರೆಂದರೆ ಯಾರು? ಮನೆ ಮುಂದೆ ‘ಎಚ್. ಶಿವಲಿಂಗಪ್ಪ, ನಿವೃತ್ತ ಇತಿಹಾಸ ಅಧ್ಯಾಪಕ’ ಎಂದು ಬೋರ್ಡು ಹಾಕಿಕೊಂಡು, ಯಾರಾದರೂ ಬಂದು ಏನಾದರೂ ಕೇಳಲಿ ಎಂದು ಜಗಲಿಯಲ್ಲಿ ಕಾದು ಕುಳಿತವನು ನಾನೊಬ್ಬನೇ.

ಬಂದರು. ಮುಂದಾಳು ರೇಣುಕಾ ಎಂಬ ಹುಡುಗಿ. ಸೊರಬದ ಕಡೆಯ ಕುಪ್ಪಗಡ್ಡೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುವವಳು. ಗೋಡೆ ಬುಡದ ಚರಂಡಿ ಅಗೆಯುವಾಗ ಸಿಕ್ಕಿತೆಂದು ಅಂಗೈ ಬಿಚ್ಚಿ ತೋರಿಸಿದಳು. ತುಕ್ಕು ಹಿಡಿದ, ಎಲೆಯಾಕಾರದ ಕಬ್ಬಿಣದ ತುಂಡು, ಅದರಲ್ಲಿ ಮೊಳೆ ತೂತು. ಲಾಳ. ಅದು ಏನೆಂದು, ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿ ಬೇರೆಯದನ್ನೇ ಹೇಳಿತು: “ಕುದುರೆ ಲಾಳ ಅಮ್ಮ. ಹಿಂದೆ ನಾಯಕರ ಕುದುರೆ ದಂಡು ಇಲ್ಲೇ ಬೀಡು ಬಿಡ್ತಿತ್ತು.”

ಸುಳ್ಳಿಗೆ ಕಾಲಿಲ್ಲವಂತೆ. ನನ್ನದಕ್ಕೆ ನಾಲ್ಕು ಕಾಲೂ ಇದ್ದವು. ಎರಡೇ ದಿನದಲ್ಲಿ ಗೋಡೆಯ ತುಂಬ ಸೀಮೆಸುಣ್ಣದ ಕುದುರೆಗಳು ಓಡತೊಡಗಿದವು. ಹಿಟ್ಟಿನ ಗಿರಣಿಯ ಚನ್ನಬಸಪ್ಪ ಬಂದು ನಿಂತು, “ನಮ್ ಮುತ್ತಜ್ಜನೂ ದಂಡಿನಾಗೆ ಇದ್ನಂತ್ರೀ. ಒಂದು ಕುದುರೆ ಮ್ಯಾಲೆ ಅವನ್ನೂ ಕುಂದ್ರಸ್ರಿ, ಮೀಸೆ ಸ್ವಲ್ಪ ದಪ್ಪ ಇರ್ಲಿ” ಎಂದ. ಕುಂದಿರಿಸಿದರು. ಮರುದಿನ ಇನ್ನಿಬ್ಬರಿಗೆ ತಮ್ಮ ಮನೆಯ ಹಿರಿಯರ ಕತ್ತಿ ನೆನಪಾಯಿತು. ಸುಳ್ಳು ಹೇಳಿದವನು ನಾನು. ಅದಕ್ಕೆ ಸಾಕ್ಷಿ ಹೇಳುವವರು ಓಣಿ ತುಂಬ!

ಇತಿಹಾಸಕ್ಕೆ ಕುದುರೆ ಎಂದರೆ ಮೊದಲಿನಿಂದಲೂ ಒಂದು ಮೋಹ. ನಮ್ಮ ಸೀಮೆಯಲ್ಲಿ ಯಾವ ಊರ ಬಾಗಿಲಿಗೆ ಹೋದರೂ ವೀರಗಲ್ಲು ಸಿಗುತ್ತದೆ, ಎಷ್ಟೋ ಕಲ್ಲಿನ ಮೇಲೆ ಕುದುರೆ ಮುಂಗಾಲೆತ್ತಿ ನಿಂತಿರುತ್ತದೆ. ಆ ಕುದುರೆ ತಿಂದ ಹುರುಳಿ ಯಾವ ಎತ್ತಿನ ಗಾಡಿಯಲ್ಲಿ ಬಂತು ಎಂದು ಯಾವ ಕಲ್ಲೂ ಹೇಳುವುದಿಲ್ಲ. ನಾನಾದರೂ ಮೂವತ್ತೊಂದು ವರ್ಷ ಕದನ, ಪಟ್ಟಾಭಿಷೇಕ ಎಂದೆನೇ ಹೊರತು ಒಂದು ದಿನವಾದರೂ ಎತ್ತಿನ ಹೆಸರೆತ್ತಲಿಲ್ಲ. ಅದಕ್ಕೆ ಕಾರಣ ಪಠ್ಯಪುಸ್ತಕ ಒಂದೇ ಅಲ್ಲ.

ಶನಿವಾರ ಊರಿಗೆ ಹೋದ ರೇಣುಕಾ ಸೋಮವಾರ ಒಬ್ಬಳೇ ಬಂದಳು. ಕಾಗದದ ಪೊಟ್ಟಣ ಬಿಚ್ಚಿ ಜಗಲಿಯ ಮೇಲೆ ಎರಡು ಲಾಳ ಇಟ್ಟು, ಅವುಗಳ ಪಕ್ಕಕ್ಕೆ ಚರಂಡಿಯದನ್ನಿಟ್ಟಳು. ಮೂರೂ ಅಣ್ಣತಮ್ಮಂದಿರ ಹಾಗೆ ಕಂಡವು.

“ಇದು ಕುದ್ರೇದಲ್ಲ ಸಾರ್. ಕುದ್ರೆ ಗೊರಸು ಒಂದೇ, ಲಾಳನೂ ಬಳೆ ಥರ ಒಂದೇ ತುಂಡು. ಎತ್ತಿನ ಗೊರಸು ಸೀಳಿರ್ತದೆ. ಅದ್ಕೆ ಕಾಲಿಗೆ ಎರಡೆರಡು, ಒಂದೆತ್ತಿಗೆ ಎಂಟು. ಇವು ನಮ್ಮನೆ ಎತ್ತಿಂದು.”

ನಾನು ‘ಇತಿಹಾಸದಲ್ಲಿ ಹಲವು ಅಭಿಪ್ರಾಯಗಳಿರುತ್ತವೆ’ ಎಂದು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ. “ನಮ್ಮಜ್ಜ ಗಾಡಿ ಹೊಡ್ಕಂಡು ಇಲ್ಲಿ ಸಂತೆಗೆ ಬರ್ತಿದ್ರಂತೆ. ಲಾಳ ಮಾತ್ರ ಈ ಓಣೀಲೇ ಹೊಡಿಸ್ಬೇಕು, ಆ ಮನುಷ್ಯ ಹೊಡೆದ ಲಾಳಕ್ಕೆ ಎತ್ತು ಕುಂಟಿದ್ದೇ ಇಲ್ಲ ಅಂದ್ರು. ಲಾಳದ ಹಾಲಪ್ಪ ಅಂತ ಹೆಸರಂತೆ.” ಅಷ್ಟು ಹೇಳಿ ನನ್ನ ಬೋರ್ಡಿನತ್ತ ನೋಡಿದಳು. “ನಿಮ್ಮ ಹೆಸರಿನ ಮುಂದಿನ ಎಚ್ ಅಂದ್ರೆ ಏನು ಸಾರ್?”

ಅದು ಹಾಲಪ್ಪನೇ. ನನ್ನ ಅಪ್ಪ.

ನಮಗಿದ್ದದ್ದು ತುಂಡು ಗದ್ದೆ. ಅದು ಅರ್ಧ ವರ್ಷ ಉಣ್ಣಿಸುತ್ತಿತ್ತು, ಉಳಿದರ್ಧ ಅಪ್ಪನ ಸುತ್ತಿಗೆ. ಹೈಸ್ಕೂಲು ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದಲ್ಲಿ ನಾನು ‘ವ್ಯವಸಾಯ’ ಎಂದು ಬರೆದೆ. ಪೂರ್ತಿ ಸುಳ್ಳಲ್ಲವಲ್ಲ! ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ‘ಏನ್ ಬರ್ದೆಪ್ಪ?’ ಎಂದು ಕೇಳಿ, ನಾನು ಹೇಳಿದ್ದನ್ನು ಕೇಳಿಸಿಕೊಂಡು, ಹೆಬ್ಬೆಟ್ಟು ಒತ್ತಿದ. ಆ ಹೆಬ್ಬೆಟ್ಟು ಈಗಲೂ ನನ್ನನ್ನು ಚುಚ್ಚುತ್ತದೆ. ಆಮೇಲೆ ಓಣಿಗೆ ಹೊಸ ಹೆಸರು ಬಂತು, ಟ್ರ್ಯಾಕ್ಟರು ಬಂತು, ಅಪ್ಪ ಹೋದ. ‘ಲಾಳದ ಓಣಿ’ ಎನ್ನುವವರೂ ಒಬ್ಬೊಬ್ಬರಾಗಿ ಹೋದರು. ನನಗೆ ಒಳಗೊಳಗೇ ಹಾಯೆನಿಸಿತ್ತು.

“ಗೊತ್ತಿದ್ದೂ ಸುಳ್ಳು ಬರ್ಯಕ್ಕಾಗಲ್ಲ ಸಾರ್,” ಎಂದಳು ರೇಣುಕಾ. “ನಾವು ಸುಣ್ಣ ಬಳ್ದು ಮೊದ್ಲಿಂದ ಶುರು ಮಾಡ್ತೀವಿ. ಮೇಡಂ ಕೊಟ್ಟ ಗಡುವಿಗೆ ಇನ್ನೊಂದು ವಾರ ಅದೆ, ಹಗಲೆಲ್ಲ ಕೂತು ಬರಿತೀವಿ. ಆದ್ರೆ ಯಾಕೆ ಅಂತ ಎಲ್ಲರ ಮುಂದೆ ನಾನು ಹೇಳಲ್ಲ. ನೀವೇ ಹೇಳ್ಬೇಕು.” ದನಿ ಏರಿಸಲಿಲ್ಲ, ಕಣ್ಣು ಮಾತ್ರ ಕದಲಲಿಲ್ಲ. ಇಂಥ ಕಣ್ಣು ನನ್ನ ತರಗತಿಯಲ್ಲಿ ಒಂದಿದ್ದರೂ ನಾನು ಇನ್ನಷ್ಟು ಒಳ್ಳೆಯ ಮೇಷ್ಟ್ರಾಗುತ್ತಿದ್ದೆನೋ ಏನೋ.

ಒಳಗೆ ಹೋಗಿ ಹೆಂಡತಿ ಗಿರಿಜೆಯ ಮುಂದೆ ಗೋಳಾಡಿಕೊಂಡೆ. ಅವಳು ಅಕ್ಕಿ ಆರಿಸುತ್ತಲೇ, “ಆ ಸುತ್ತಿಗೇಲೇ ಅಲ್ವೇನ್ರೀ ಮಾವ ನಿಮ್ಮನ್ನ ಬಿ.ಎ. ಓದಿಸಿದ್ದು? ಈಗ ಅವರನ್ನ ಕುದುರೆ ಕಾಲಲ್ಲಿ ತುಳಿಸ್ತಾ ಇದ್ದೀರಲ್ಲ” ಎಂದಳು. ನಾಚಿಕೆಯಾಯಿತು. ನಾಚಿಕೆಗೂ ಒಂದು ಹಿಡಿ ಬಲವಿದೆ. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಏನೇ ಆಗಲಿ, ಹೇಳಿಯೇ ಬಿಡುವುದು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಡಂ, ಹನ್ನೆರಡು ಮಕ್ಕಳು ಮತ್ತು ಅರ್ಧ ಓಣಿಯ ಎದುರು ನಾನು ಎಲ್ಲವನ್ನೂ ಹೇಳಿದೆ. ‘ತಂದೆಯ ಉದ್ಯೋಗ’ದ ವಿಷಯವನ್ನೂ ಬಿಡಲಿಲ್ಲ. ಮೇಡಂ ತಲೆದೂಗಿದರು. ಮಕ್ಕಳು ಸುಣ್ಣದ ಬಕೆಟ್ಟಿಗೆ ಕೈ ಹಾಕಿದರು. ಒದ್ದವನು ಚನ್ನಬಸಪ್ಪನೇ. “ಏನ್ ಮೇಷ್ಟ್ರೇ, ನಮ್ ಮುತ್ತಜ್ಜನ್ನ ಕುದುರೆ ಮ್ಯಾಗಿಂದ ಇಳಿಸೇಬಿಟ್ರಲ್ರೀ! ಊರ ತುಂಬ ಹೇಳ್ಕಂಡ್ ಬಂದೀನಿ!”

ಕುದುರೆಗಳು ಹೋದವು, ಹೊಸ ತೊಡಕು ಬಂತು. ರೇಣುಕಾ ನಿಂತ ಎತ್ತು ಬರೆಯಬಲ್ಲಳು, ನಡೆಯುವ ಎತ್ತೂ ಬರೆಯಬಲ್ಲಳು. ಲಾಳ ಹೊಡೆಯಲು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿದ ಎತ್ತನ್ನು ಅವಳೂ ಹತ್ತಿರದಿಂದ ನೋಡಿರಲಿಲ್ಲ. ಒದ್ದೀತೆಂದು ಮಕ್ಕಳನ್ನು ದೂರ ಅಟ್ಟುತ್ತಿದ್ದರಂತೆ. ಓಣಿಯಲ್ಲಿ ಹುಡುಕಿದರೆ ನಾಲ್ಕು ಕಾರು, ಒಂದು ಟಿಲ್ಲರು. ಎತ್ತು ಎಲ್ಲಿಂದ ತರೋಣ? ನಾನು ಬಾಯಲ್ಲಿ ವಿವರಿಸಿದೆ. ಹಲಗೆಯ ಮೇಲೆ ಗೀಚಿ ತೋರಿಸಿದೆ, ಅದನ್ನು ನೋಡಿ ಒಬ್ಬ ಹುಡುಗ “ಸಾರ್, ಇದು ಜೇಡಾನಾ?” ಎಂದ.

ಆಗ ನಾನು ಕನ್ನಡಕ ತೆಗೆದು ಜೇಬಿಗಿಟ್ಟು, ಗೋಣಿಚೀಲ ಹಾಸಿ, ನಡುಬೀದಿಯಲ್ಲಿ ಮಗ್ಗುಲಾಗಿ ಮಲಗಿದೆ. ಕೈಕಾಲು ನಾಲ್ಕನ್ನೂ ಒಟ್ಟು ಮಾಡಿ, “ಹೀಗೆ, ಇಲ್ಲಿ ಹಗ್ಗ ಬರ್ಬೇಕು” ಎಂದೆ. ಹಗ್ಗಕ್ಕೆ ಕಾಯುತ್ತಿದ್ದವನಂತೆ ಚನ್ನಬಸಪ್ಪ ಗಿರಣಿಯಿಂದ ಹುರಿ ತಂದು ನನ್ನನ್ನು ಕಟ್ಟಿದ. ಮುತ್ತಜ್ಜನನ್ನು ಇಳಿಸಿದ ಸಿಟ್ಟೆಲ್ಲ ಆ ಗಂಟಿನಲ್ಲಿತ್ತು. “ಸಡ್ಲ ಬಿಡಪ್ಪ” ಎಂದರೆ “ಎತ್ತು ಒದೀಬಾರ್ದಲ್ರೀ” ಎನ್ನುತ್ತಾನೆ. ಹನ್ನೆರಡು ಮಕ್ಕಳು ಸುತ್ತ ಕುಳಿತು ಪೆನ್ಸಿಲು ಓಡಿಸುತ್ತಿದ್ದರು. ಬಸ್ಸಿಗೆ ಹೊರಟಿದ್ದ ನನ್ನ ಹಳೆಯ ಶಿಷ್ಯನೊಬ್ಬ ನಿಂತು ನೋಡಿ, ನಮಸ್ಕರಿಸಬೇಕೋ ಬೇಡವೋ ತಿಳಿಯದೆ ಮುಂದೆ ಹೋದ. ನೆಲದಿಂದ ನೋಡಿದರೆ ಓಣಿ ಬೇರೆಯದೇ ಆಗಿ ಕಂಡಿತು. ಅಪ್ಪ ಕುಕ್ಕರಗಾಲಲ್ಲಿ ಕುಳಿತು ಜೀವಮಾನವಿಡೀ ನೋಡಿದ್ದು ಇಷ್ಟು ಎತ್ತರದ ಓಣಿಯನ್ನೇ: ಜನರ ಕಾಲು, ಗಾಡಿಯ ಗಾಲಿ, ಶಾಲೆಗೆ ಹೋಗುವಾಗ ಅವನನ್ನು ತಪ್ಪಿಸಿ ಆಚೆ ಬದಿಯಿಂದ ಹಾಯುತ್ತಿದ್ದ ನನ್ನ ಬೂಟು. ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಕೈ ಕಟ್ಟಿಹಾಕಿದ್ದರು.

ಗೋಡೆ ಹೇಳಿದ ದಿನಕ್ಕೇ ಮುಗಿಯಿತು. ನಲವತ್ತು ಅಡಿಯಲ್ಲಿ ಈಗ ಕುಪ್ಪಗಡ್ಡೆ, ಉಳವಿ, ಉಡುತಡಿಯ ಗಾಡಿಗಳು ಸಾಲಾಗಿ ಬರುತ್ತಿವೆ. ನಡುವೆ ಕೆಡವಿದ ಎತ್ತು, ಅದರ ಕಾಲ ಬಳಿ ರುಮಾಲಿನವನೊಬ್ಬ. ಅಪ್ಪನ ಫೋಟೊ ಒಂದೂ ಇರಲಿಲ್ಲವೆಂದು ಬಗ್ಗಿದ ಬೆನ್ನನ್ನಷ್ಟೇ ಬರೆದಿದ್ದಾರೆ. ನನಗೆ ಅಷ್ಟು ಸಾಕಾಯಿತು. ಕೊನೆಯ ಗಾಡಿಯಲ್ಲಿ ದಪ್ಪ ಮೀಸೆಯ ಮುದುಕನೊಬ್ಬ ಹಿಟ್ಟಿನ ಚೀಲದ ಮೇಲೆ ಕುಳಿತಿದ್ದಾನೆ. ಚನ್ನಬಸಪ್ಪ ಅವನನ್ನು ನೋಡಿ ಸಮಾಧಾನಗೊಂಡು, ಎತ್ತಿನತ್ತ ತಿರುಗಿ ನಕ್ಕ. “ಮೇಷ್ಟ್ರೇ, ಎತ್ತಿನ ಮುಖ ಥೇಟ್ ನಿಮ್ದೇ ಐತಲ್ರೀ!” ನಿಜ. ಅದೇ ಗಂಟು ಹುಬ್ಬು, ಅದೇ ಒದ್ದೆ ಕಣ್ಣು.

ಏಳು ಲಾಳಗಳನ್ನು ಬಣ್ಣದಲ್ಲಿ ಬರೆದು, ಎಂಟನೆಯದರ ಜಾಗ ಖಾಲಿ ಬಿಟ್ಟಿದ್ದರು. ಚರಂಡಿಯಲ್ಲಿ ಸಿಕ್ಕಿದ ಲಾಳವನ್ನೂ ಒಂದು ಸುತ್ತಿಗೆಯನ್ನೂ ರೇಣುಕಾ ನನ್ನ ಕೈಗಿಟ್ಟಳು. ಲಾಳದ ಹಾಲಪ್ಪನ ಮಗನಾದ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಸುತ್ತಿಗೆ ಎತ್ತಿದೆ. ಮೊದಲ ಏಟು ಹೆಬ್ಬೆರಳಿಗೆ, ಎರಡನೆಯದು ಗೋಡೆಗೆ, ಮೂರನೆಯದು ಮೊಳೆಗೆ.

“ಸೊಟ್ಟ ಆಯ್ತಲ್ಲ ಸಾರ್,” ಎಂದಳು ರೇಣುಕಾ. “ಕಿತ್ತು ಇನ್ನೊಂದ್ಸಲ ಹೊಡೀರಿ. ನಿಮ್ಮಪ್ಪ ಇದ್ದಿದ್ರೆ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಕಿತ್ತೆ, ಮತ್ತೆ ಹೊಡೆದೆ. ಅದೂ ಸೊಟ್ಟ. ಮತ್ತೆ ಕಿತ್ತೆ. “ಪಾಪ, ಎತ್ತಿಗೆ ನೋವಾಗ್ತದೆ ಬಿಡ್ರೀ” ಎಂದ ಚನ್ನಬಸಪ್ಪ.

“ಆಗ್ಲಿ ಬಿಡಪ್ಪ,” ಎಂದೆ ಸುತ್ತಿಗೆ ಎತ್ತುತ್ತ. “ಎತ್ತು ನಾನೇ ಅಲ್ವಾ, ತಡ್ಕಂತೀನಿ.”