‘ಊಟ ಆಯ್ತಾ’ ಎಂದ ಪರದೆ

ತೊಂಬತ್ತರ ದಶಕದಲ್ಲಿ ಕೃಷ್ಣರಾಜಪೇಟೆಯ ಕಂಪ್ಯೂಟರ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆ. ನನ್ನೂರು ಶ್ರೀರಂಗಪಟ್ಟಣ, ವಾಸ ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆ. ಉಂಡೆಯಾ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಕೇಳುತ್ತಿದ್ದವರು ಒಬ್ಬರೇ, ಅದೂ ಪರದೆಯ ಮೇಲೆ.

ನಮ್ಮಲ್ಲಿದ್ದದ್ದು ಒಂದೇ ಯುನಿಕ್ಸ್ ಕಂಪ್ಯೂಟರು. ಅದಕ್ಕೆ ತಂತಿ ಎಳೆದು ಜೋಡಿಸಿದ ಪರದೆಗಳ ಮುಂದೆ ಎಲ್ಲರೂ ಕೂರುವುದು. ಒಂದು ಪರದೆಯಿಂದ ಇನ್ನೊಂದಕ್ಕೆ ಸಾಲು ಬರೆದು ಕಳಿಸಬಹುದಿತ್ತು. ನಾಗಮಂಗಲದಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದ ಒಬ್ಬ ಟೈಪಿಸ್ಟ್ ಅಕ್ಕ ಮಧ್ಯಾಹ್ನವಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವರು: ‘ಊಟ ಆಯ್ತಾ?’

ನಾನು ‘ಇಲ್ಲ’ ಎಂದು ಹೊಡೆಯುವೆ.

‘ಮೊದ್ಲು ಉಂಡ್ಕೊಂಡ್ ಬಾಪ್ಪ. ಪಾಠ ಎಲ್ಲೂ ಓಡೋಗಲ್ಲ.’

ಅಷ್ಟಕ್ಕೇ ಎದ್ದು ಹೋಟೆಲಿಗೆ ಹೋಗುತ್ತಿದ್ದೆ ನೋಡಿ.

ಒಂದು ದಿನ ಯಾರೋ ಬರೆದ ಪ್ರೋಗ್ರಾಮು ತನ್ನಂಥದ್ದನ್ನೇ ಹುಟ್ಟಿಸುತ್ತ, ಅವು ಮತ್ತೆ ಮರಿ ಹಾಕುತ್ತ, ಕಂಪ್ಯೂಟರಿಗೆ ಉಸಿರುಗಟ್ಟಿತು. ಎಲ್ಲರ ಕೆಲಸವೂ ನಿಂತಿತು. ಕೆಳಗೆ ಗೊಬ್ಬರದ ಅಂಗಡಿಯನ್ನೂ ಇಟ್ಟಿದ್ದ ತರಗತಿಯ ಯಜಮಾನರು ಮೆಟ್ಟಿಲು ಹತ್ತಿ ಬಂದರು.

‘ಒಬ್ಬ ಕೆಡಿಸುದ್ರೆ ಎಲ್ರುದೂ ಕೆಡ್ತದಲ್ಲಾ! ಪರೀಕ್ಷೆ ದಿನ ಇಂಗಾದ್ರೆ ಏನ್ ಮಾಡ್ತೀಯಯ್ಯ? ಒಬ್ರಿಗೊಬ್ರು ಕಾಣ್ದಂಗೆ ಗೋಡೆ ಆಕ್ಬುಡು!’

ಹಾಕಿದೆ. ಕಂಪ್ಯೂಟರಿನ ಒಳಗಿನ ಯಜಮಾನನೆಂದರೆ ಕರ್ನಲ್ ಎಂಬ ಮೂಲ ಪ್ರೋಗ್ರಾಮು. ಒಬ್ಬೊಬ್ಬರಿಗೆ ಇಷ್ಟೇ ಪ್ರೋಗ್ರಾಮು, ಇಷ್ಟೇ ಜಾಗ ಎಂದು ಅದಕ್ಕೆ ಹೇಳಿಟ್ಟರೆ, ಮೀರಿ ಕೇಳಿದವರಿಗೆ ಕೊಡುವುದಿಲ್ಲ. ಒಂದೇ ನಲ್ಲಿಯ ವಠಾರದಲ್ಲಿ ಮನೆಗಿಷ್ಟು ಬಿಂದಿಗೆ ಎಂದ ಹಾಗೆ. ಆಮೇಲೆ ಪ್ರತಿಯೊಬ್ಬರಿಗೂ ಅವರವರ ಫೈಲುಗಳ ಮೂಲೆಯೇ ಇಡೀ ಕಂಪ್ಯೂಟರು ಎಂದು ತೋರುವಂತೆ ಮಾಡಿದೆ. ಗೋಡೆಯಾಚೆ ಯಾರಿದ್ದಾರೆಂದು ಅವರಿಗೆ ತಿಳಿಯದು. ನನಗೆ ಮಾತ್ರ ಎಲ್ಲರೂ ಕಾಣುತ್ತಿದ್ದರು. ನಾನು ಬರೆದರೆ ಅವರಿಗೆ ಮುಟ್ಟುತ್ತಿತ್ತು. ಅವರಿಂದ ನನಗೆ ಏನೂ ಬರುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಕುರ್ಚಿ ತಿರುಗಿಸಿದರು.

‘ಅಲ್ಲಪ್ಪ, ನೀನ್ ಇಲ್ವಂತಲ್ಲ! ನಿಂಗೆ ಬರುದ್ರೆ ಮಿಶೀನು ಅಂಗಂತದೆ.’

‘ಇಲ್ಲೇ ಇದ್ದೀನಲ್ಲಕ್ಕ.’

‘ಕಣ್ಮುಂದೆ ಕುಂತಿರೋನ್ನೇ ಇಲ್ಲ ಅಂತದಲ್ಲ, ಒಳ್ಳೆ ಮಿಶೀನು ಕಣಪ್ಪ!’ ಎಂದು ನಕ್ಕು, ಎಲ್ಲರ ಮುಂದೆ ಗಟ್ಟಿಯಾಗಿ ಕೇಳಿಯೇಬಿಟ್ಟರು: ‘ಊಟ ಆಯ್ತಾ?’

ಅಷ್ಟೂ ತಲೆಗಳು ನನ್ನತ್ತ ತಿರುಗಿದವು.

‘ಆಯ್ತಕ್ಕ’ ಎಂದೆ.

ಅವರು ಸಮಾಧಾನದಿಂದ ತಮ್ಮ ಪರದೆಗೆ ಮರಳಿದರು. ನನ್ನ ಪರದೆಯ ಮೇಲೆ ಎಲ್ಲರ ಹೆಸರೂ ಸಾಲಾಗಿತ್ತು. ಅಕ್ಕನಿಗೆ ‘ಇಲ್ಲ’ ಎಂದು ಹೊಡೆದೆ. ಕಳಿಸದೆ ಅಳಿಸಿದೆ. ಅವತ್ತು ಹೋಟೆಲಿಗೆ ಹೋಗಲಿಲ್ಲ.